ಚಲಿಸುವ ಗುರಿ: ನಾರ್ಬರ್ಟ್ ವೀನರ್

ಕೊಂಬೆಯಲ್ಲಿ ತೂಗುವ ಮಾವಿನಕಾಯಿಗೆ ಕಲ್ಲು ಬೀಸುವ ಹುಡುಗನಿಗೆ ಕಣ್ಣಳತೆಯೂ ತೋಳಿನ ಕಸುವೂ ಇದ್ದರೆ ಸಾಕು. ಹಾರುವ ಹಕ್ಕಿಗೆ ಬಾಣ ಬಿಡುವ ಬೇಡನಿಗೆ ಅಷ್ಟು ಸಾಲದು. ಹಕ್ಕಿ ಈಗ ಇರುವ ಕಡೆಗೆ ಬಿಟ್ಟ ಬಾಣ ಅಲ್ಲಿಗೆ ತಲಪುವ ಹೊತ್ತಿಗೆ ಹಕ್ಕಿ ಅಲ್ಲಿರುವುದಿಲ್ಲ. ಆದುದರಿಂದ ಬೇಡನು ಹಕ್ಕಿಗಿಂತ ಒಂದಷ್ಟು ಮುಂದಕ್ಕೆ, ಏನೂ ಇಲ್ಲದ ಬರಿಯ ಆಕಾಶಕ್ಕೆ ಗುರಿಯಿಡುತ್ತಾನೆ. ಎಷ್ಟು ಮುಂದಕ್ಕೆ ಎಂಬುದನ್ನು ಅವನ ಅನುಭವ ಹೇಳುತ್ತದೆ. ದ್ರುಪದನ ಸಭೆಯಲ್ಲಿ ಅರ್ಜುನನು ಭೇದಿಸಿದ ಮತ್ಸ್ಯಯಂತ್ರವೂ ಚಲಿಸುವ ಗುರಿಯೇ ಆಗಿತ್ತು. ಆದರೆ ಆ ಮೀನು ಯಂತ್ರಕ್ಕೆ ಕಟ್ಟುಬಿದ್ದು ಸುತ್ತುತ್ತಿದ್ದುದು. ಬಾಣದಿಂದ ತಪ್ಪಿಸಿಕೊಳ್ಳಬೇಕೆಂಬ ಬುದ್ಧಿ ಅದಕ್ಕಿರಲಿಲ್ಲ. ಗುರಿಯೊಳಗೇ ಒಬ್ಬ ಮನುಷ್ಯ ಕುಳಿತಿದ್ದು, ಅವನು ತನ್ನ ಪ್ರಾಣ ಉಳಿಸಿಕೊಳ್ಳಲು ಎಡಕ್ಕೋ ಬಲಕ್ಕೋ ಹೊರಳುವಂತಿದ್ದರೆ ಆಗ ಎಲ್ಲಿಗೆ ಗುರಿಯಿಡಬೇಕು? ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಪ್ರಶ್ನೆಯನ್ನು ಗಣಿತದ ಪ್ರಶ್ನೆಯಾಗಿ ಕೈಗೆತ್ತಿಕೊಂಡವನು ನಾರ್ಬರ್ಟ್ ವೀನರ್. ಆ ಲೆಕ್ಕದಲ್ಲಿ ಆತನು ಹುಡುಕಿದ್ದು ಒಂದು, ದೊರೆತದ್ದು ಇನ್ನೊಂದು. ದೊರೆತದ್ದನ್ನು ಯಾರ ಕೈಗೆ ಕೊಡಬೇಕು, ಯಾರ ಕೈಗೆ ಕೊಡಬಾರದು ಎಂಬ ಚಿಂತೆ ಆತನನ್ನು ಕೊನೆಯವರೆಗೂ ಬಿಡಲಿಲ್ಲ.

ವೀನರ್ ಹುಟ್ಟಿದುದು 1894ರ ನವೆಂಬರ್ 26ರಂದು, ಅಮೆರಿಕದ ಮಿಸೌರಿ ಸಂಸ್ಥಾನದ ಕೊಲಂಬಿಯ ಎಂಬ ಊರಿನಲ್ಲಿ. ತಂದೆ ಲಿಯೋ ವೀನರ್ ಆಗಿನ ರಷ್ಯ ಸಾಮ್ರಾಜ್ಯಕ್ಕೆ ಸೇರಿದ್ದ ಬಿಯಾಲಿಸ್ಟಾಕ್ ಪಟ್ಟಣದ ಯೆಹೂದ್ಯ. ಟಾಲ್‌ಸ್ಟಾಯ್ ಮಹಾಶಯನ ವಿಚಾರಗಳಿಗೆ ಮನಸೋತ ಲಿಯೋ ಮಾಂಸಾಹಾರವನ್ನು ತೊರೆದು, ಮಧ್ಯ ಅಮೆರಿಕದಲ್ಲಿ ಸಸ್ಯಾಹಾರಿಗಳ ವಸಾಹತೊಂದನ್ನು ಕಟ್ಟುವ ಕನಸು ಹೊತ್ತು ಹಡಗು ಹತ್ತಿದನು. ಕನಸು ನಡುದಾರಿಯಲ್ಲೇ ಒಡೆಯಿತು. ಜೇಬಿನಲ್ಲಿ ನಾಲ್ಕು ಕಾಸಿನೊಡನೆ ಅಮೆರಿಕದ ನೆಲದ ಮೇಲೆ ಇಳಿದ ಆ ತರುಣ ಸಿಕ್ಕಿದ ಕೂಲಿಯನ್ನೆಲ್ಲ ಮಾಡಿ, ಕಡೆಗೆ ತನಗೆ ತಿಳಿದಿದ್ದ ಹತ್ತಾರು ಭಾಷೆಗಳ ಬಲದಿಂದ ಉಪಾಧ್ಯಾಯನಾಗಿ, ಮುಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸ್ಲಾವ್ ಭಾಷೆಗಳ ಪ್ರಾಧ್ಯಾಪಕನಾದನು. ಟಾಲ್‌ಸ್ಟಾಯ್ ಕೃತಿಗಳನ್ನು 24 ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದ ಸಾಹಸಿ ಆತ. ಮಗನೂ ತಂದೆಯಂತೆ ಬಾಳಿನುದ್ದಕ್ಕೂ ಸಸ್ಯಾಹಾರಿಯಾಗಿಯೇ ಉಳಿದನು.

ಮಗನ ವಿದ್ಯಾಭ್ಯಾಸವನ್ನು ಲಿಯೋ ತಾನೇ ವಹಿಸಿಕೊಂಡನು. ಪಾಠ ಶಾಂತವಾಗಿಯೇ ಆರಂಭವಾಗುತ್ತಿತ್ತು. ಬೀಜಗಣಿತದಲ್ಲಿ ಒಂದು ತಪ್ಪು ನುಸುಳಿದರೆ ಸಾಕು, ತಂದೆಯ ದನಿ ಏರುತ್ತಿತ್ತು. ಎರಡನೆಯ ತಪ್ಪಿಗೆ ಬೈಗುಳು. ಪಾಠ ಮುಗಿಯುವುದು ಬಹಳ ಸಲ ಹುಡುಗನ ಕಣ್ಣೀರಿನಲ್ಲಿ. ಎಂಟರ ವಯಸ್ಸಿಗೆ ಹುಡುಗನ ದೃಷ್ಟಿ ಎಷ್ಟು ಮಂದವಾಯಿತೆಂದರೆ, ಆರು ತಿಂಗಳು ಪುಸ್ತಕವನ್ನೇ ಮುಟ್ಟಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ತಂದೆ ಪಾಠ ನಿಲ್ಲಿಸಲಿಲ್ಲ, ಬಾಯಿಪಾಠಕ್ಕೆ ತಿರುಗಿದನು. ಕಾಗದ ಸೀಸದಕಡ್ಡಿಗಳ ನೆರವಿಲ್ಲದೆ ಮನಸ್ಸಿನಲ್ಲೇ ಲೆಕ್ಕ ಮಾಡುವ ಅಭ್ಯಾಸ ಹುಡುಗನಿಗೆ ಹತ್ತಿದುದು ಆಗ. ಒಂಬತ್ತನೆಯ ವಯಸ್ಸಿನಲ್ಲಿ ಪ್ರೌಢಶಾಲೆಗೆ ಸೇರಿ ಹನ್ನೊಂದರಲ್ಲಿ ಅದನ್ನು ಮುಗಿಸಿ, ಹದಿನಾಲ್ಕರಲ್ಲಿ ಟಫ್ಟ್ಸ್ ಕಾಲೇಜಿನ ಪದವೀಧರನಾಗಿ, 1913ರಲ್ಲಿ ತನ್ನ ಹದಿನೆಂಟನೆಯ ವಯಸ್ಸಿಗೆ ಹಾರ್ವರ್ಡಿನ ಡಾಕ್ಟರೇಟನ್ನು ಪಡೆದನು. ಪತ್ರಿಕೆಗಳು ಈ ಬಾಲಪ್ರತಿಭೆಯನ್ನು ಹಾಡಿ ಹೊಗಳಿದವು. ಹುಡುಗನಲ್ಲಿ ಅಸಾಧಾರಣವಾದುದೇನೂ ಇಲ್ಲ, ಎಲ್ಲವೂ ತನ್ನ ಶಿಕ್ಷಣಕ್ರಮದ ಫಲ ಎಂಬ ಅರ್ಥ ಬರುವಂತೆ ತಂದೆ ಅಂಥ ಒಂದು ಲೇಖನಕ್ಕೆ ಹೇಳಿಕೆ ಕೊಟ್ಟಿದ್ದನು. ಅದನ್ನು ಓದಿದ ಮಗನಿಗೆ ಮರೆಯಲಾಗದ ನೋವಾಯಿತು. ಸೋತರೆ ಸೋಲು ತನ್ನದು, ಗೆದ್ದರೆ ಗೆಲುವು ತಂದೆಯದು ಎಂದಾಗಿಬಿಟ್ಟಿತಲ್ಲ ಎಂದು ಆತ ಬಹುಕಾಲ ಕೊರಗಿದನು. ಲಿಯೋ ಒಳ್ಳೆಯ ವಿದ್ವಾಂಸ, ಒಳ್ಳೆಯ ಮನುಷ್ಯ. ಒಳ್ಳೆಯ ಉಪಾಧ್ಯಾಯನೆಂದು ಮಾತ್ರ ಹೇಳುವುದು ಕಷ್ಟ.

ಡಾಕ್ಟರೇಟಿನ ಬಳಿಕ ವೀನರ್ ಕೇಂಬ್ರಿಜ್‌ನಲ್ಲಿ ಬರ್ಟ್ರೆಂಡ್ ರಸೆಲ್ ಮತ್ತು ಹಾರ್ಡಿ, ಗಟಿಂಗೆನ್‌ನಲ್ಲಿ ಹಿಲ್ಬರ್ಟ್ ಮೊದಲಾದ ಮಹನೀಯರ ಬಳಿ ಕಲಿತನು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಸೈನ್ಯ ಸೇರಲು ಹೋದರೆ ದೃಷ್ಟಿದೋಷ ಅಡ್ಡಬಂದಿತು. ಕೊನೆಗೆ 1918ರಲ್ಲಿ, ಗಣಿತಜ್ಞ ಆಸ್ವಾಲ್ಡ್ ವೆಬ್ಲೆನ್ ಆತನನ್ನು ಮೇರಿಲ್ಯಾಂಡಿನ ಅಬರ್ಡೀನ್ ಎಂಬಲ್ಲಿದ್ದ ಫಿರಂಗಿಗಳ ಪರೀಕ್ಷಾಕೇಂದ್ರಕ್ಕೆ ಕರೆಸಿಕೊಂಡನು. ಫಿರಂಗಿಯ ಮೂತಿಯನ್ನು ಎಷ್ಟು ಅಂಶ ಮೇಲೆತ್ತಿದರೆ, ಗಾಳಿ ಎಷ್ಟು ಬೀಸಿದರೆ, ಗುಂಡು ಎಷ್ಟು ದೂರಕ್ಕೆ ಹೋಗಿ ಬೀಳುತ್ತದೆಂಬುದನ್ನು ಲೆಕ್ಕಹಾಕಿ ಕೋಷ್ಟಕಗಳನ್ನು ತಯಾರಿಸುವುದು ಅಲ್ಲಿಯ ಕೆಲಸ. ಹಗಲೆಲ್ಲ ಕೈಯಿಂದ ತಿರುಗಿಸುವ ಗಣಕಯಂತ್ರಗಳ ಸದ್ದು, ಸಂಜೆಯಾದರೆ ಗೆಳೆಯರೊಡನೆ ಗಣಿತದ ಮಾತು. ತನ್ನ ವಿದ್ಯೆಯಿಂದ ನಾಲ್ವರಿಗೆ ಉಪಯೋಗವುಂಟೆಂಬ ಭಾವನೆ ಆ ತರುಣನಿಗೆ ಮೊದಲು ಬಂದುದು ಅಲ್ಲಿ. ಆದರೆ ಆ ಲೆಕ್ಕಗಳಲ್ಲಿ ಗುರಿ ಕದಲುತ್ತಿರಲಿಲ್ಲ. ಕೋಟೆಯೋ ಕಂದಕವೋ ಇದ್ದಲ್ಲಿಯೇ ಇರುತ್ತಿತ್ತು.

1919ರಲ್ಲಿ ವೀನರ್ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಉಪಾಧ್ಯಾಯನಾಗಿ ಸೇರಿ, ಬಾಳಿನ ಕೊನೆಯವರೆಗೂ ಅಲ್ಲಿಯೇ ಉಳಿದನು. ವಿದ್ಯಾಸಂಸ್ಥೆಯ ಮುಂದೆಯೇ ಚಾರ್ಲ್ಸ್ ನದಿ ಹರಿಯುತ್ತದೆ. ಕ್ಷಣಕ್ಕೊಂದು ರೂಪ ತಾಳುವ ಅದರ ಅಲೆಗಳನ್ನು ನೋಡುತ್ತ, ಈ ಅಸ್ತವ್ಯಸ್ತತೆಯನ್ನು ಗಣಿತದ ಭಾಷೆಯಲ್ಲಿ ಹಿಡಿಯುವುದು ಹೇಗೆಂದು ಆತ ಯೋಚಿಸುತ್ತಿದ್ದನು. ನೀರಿನಲ್ಲಿ ತೇಲುವ ಪರಾಗದ ಸೂಕ್ಷ್ಮ ಕಣಗಳು ಎಡೆಬಿಡದೆ ಅತ್ತಿತ್ತ ಜಿಗಿಯುತ್ತಿರುವುದನ್ನು ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ 1827ರಲ್ಲಿ ಕಂಡಿದ್ದನು. ಅಂಥ ಕಣ ಮರುಗಳಿಗೆಯಲ್ಲಿ ಎಲ್ಲಿರುತ್ತದೆಂದು ಖಚಿತವಾಗಿ ಹೇಳಲು ಯಾರಿಂದಲೂ ಆಗದು. ಆದರೆ ಅದು ಹಿಡಿಯಬಹುದಾದ ಎಲ್ಲ ದಾರಿಗಳನ್ನು ಒಟ್ಟಾಗಿ ತೆಗೆದುಕೊಂಡರೆ, ಯಾವ ಬಗೆಯ ದಾರಿಗೆ ಎಷ್ಟು ಸಂಭವವಿದೆ ಎಂದು ಹೇಳಬಹುದು. ಇದನ್ನು ವೀನರ್ ಬಿಗಿಯಾದ ಗಣಿತದಿಂದ ಸಾಧಿಸಿ ತೋರಿಸಿದನು. 1926ರಲ್ಲಿ ಮಾರ್ಗರೆಟ್ ಎಂಗೆಮನ್ ಎಂಬಾಕೆಯನ್ನು ಮದುವೆಯಾದನು, ಇಬ್ಬರು ಹೆಣ್ಣುಮಕ್ಕಳಾದರು. ಕುಳ್ಳನೆಯ ಸ್ಥೂಲ ಶರೀರ, ದಪ್ಪ ಗಾಜಿನ ಕನ್ನಡಕ, ಪುಟ್ಟ ಗಡ್ಡ. ಇತರರ ಉಪನ್ಯಾಸದಲ್ಲಿ ಮುಂದಿನ ಸಾಲಿನಲ್ಲೇ ಕುಳಿತು ನಿದ್ದೆಹೋಗುವ ಅಭ್ಯಾಸ. ಆತನ ಮರೆವಿನ ಬಗ್ಗೆ ಹುಟ್ಟಿದ ಕಥೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಅರ್ಧದಷ್ಟನ್ನಾದರೂ ನಂಬದಿರುವುದೇ ಮೇಲು.

1940ರಲ್ಲಿ ಜರ್ಮನಿಯ ವಿಮಾನಗಳು ರಾತ್ರಿಯ ಮೇಲೆ ರಾತ್ರಿ ಲಂಡನ್ ನಗರದ ಮೇಲೆ ಬಾಂಬು ಸುರಿಯುತ್ತಿದ್ದವು. ನೆಲದ ಮೇಲಿನ ಫಿರಂಗಿಗಳು ಸಾವಿರಾರು ಗುಂಡುಗಳನ್ನು ಹಾರಿಸಿದರೂ ಒಂದು ವಿಮಾನ ಬೀಳುವುದು ದುರ್ಲಭವಾಗಿತ್ತು. ಕಾರಣವನ್ನು ಯಾವ ವಿದ್ಯಾರ್ಥಿಯೂ ಲೆಕ್ಕ ಮಾಡಿ ತಿಳಿಯಬಹುದು. ಗಂಟೆಗೆ 400 ಕಿಲೋಮೀಟರ್ ವೇಗದಲ್ಲಿ ಹಾರುವ ವಿಮಾನ ಒಂದು ಸೆಕೆಂಡಿಗೆ ಸುಮಾರು 111 ಮೀಟರ್ ಸಾಗುತ್ತದೆ. ಫಿರಂಗಿಯ ಗುಂಡು ಅಷ್ಟೆತ್ತರಕ್ಕೆ ಏರಲು 20 ಸೆಕೆಂಡು ಬೇಕೆಂದಿಟ್ಟುಕೊಂಡರೆ, ಅಷ್ಟರೊಳಗೆ ವಿಮಾನ ಎರಡು ಕಿಲೋಮೀಟರಿಗಿಂತ ಮುಂದಕ್ಕೆ ಹೋಗಿರುತ್ತದೆ. ಅದು ನೆಟ್ಟಗೆ ಒಂದೇ ವೇಗದಲ್ಲಿ ಹೋಗುವುದಾದರೆ ಲೆಕ್ಕ ಸುಲಭ. ಈವರೆಗಿನ ದಾರಿಯನ್ನು ಅಷ್ಟೇ ಉದ್ದ ಮುಂದಕ್ಕೆ ಎಳೆದರಾಯಿತು. ಆದರೆ ಕೆಳಗಿನಿಂದ ಗುಂಡುಗಳು ಸಿಡಿಯುತ್ತಿರುವಾಗ ಯಾವ ಚಾಲಕ ನೆಟ್ಟಗೆ ಹೋದಾನು?

ಇಲ್ಲಿ ವೀನರ್‌ಗೆ ಒಂದು ಸಂಗತಿ ಹೊಳೆಯಿತು. ತಪ್ಪಿಸಿಕೊಳ್ಳಲೆಣಿಸುವ ಚಾಲಕನೂ ಪೂರ್ಣ ಸ್ವತಂತ್ರನಲ್ಲ. ಭಾರವಾದ ವಿಮಾನ ಥಟ್ಟನೆ ತಿರುಗಲಾರದು. ಬಲವಂತದಿಂದ ತಿರುಗಿಸಿದರೆ ಚಾಲಕನಿಗೇ ಎಚ್ಚರ ತಪ್ಪೀತು, ರೆಕ್ಕೆಯೇ ಮುರಿದೀತು. ಅಲ್ಲದೆ ಪ್ರಾಣಭಯದಲ್ಲಿರುವ ಮನುಷ್ಯ ಹೊಸದನ್ನು ಯೋಚಿಸುವುದಿಲ್ಲ. ತನಗೆ ಕಲಿಸಿದ್ದನ್ನು, ಕೈಗೆ ರೂಢಿಯಾದುದನ್ನು ಮಾಡುತ್ತಾನೆ. ಹಾಗಾದರೆ ಆತನ ಹಾರಾಟ ಗಡಿಯಾರದ ಮುಳ್ಳಿನಂತೆ ಖಚಿತವೂ ಅಲ್ಲ, ಪರಾಗದ ಕಣದಂತೆ ಸಂಪೂರ್ಣ ಅಡ್ಡಾದಿಡ್ಡಿಯೂ ಅಲ್ಲ, ಅವೆರಡರ ನಡುವಿನದು. ಕಳೆದ ಕೆಲವು ಗಳಿಗೆಗಳ ಚಲನೆಗೂ ಮುಂದಿನ ಗಳಿಗೆಯ ಚಲನೆಗೂ ಸರಾಸರಿಯಾಗಿ ಎಷ್ಟು ನಂಟಿದೆ ಎಂಬುದನ್ನು ಅಳೆದರೆ, ತಪ್ಪು ಅತಿ ಕಡಿಮೆಯಾಗುವಂತೆ ಮುಂದಿನ ಸ್ಥಾನವನ್ನು ಊಹಿಸಬಹುದು. ಈ ಊಹೆಗೆ ಸೂತ್ರ ಕಟ್ಟುವುದು ವೀನರ್ ತಾನಾಗಿ ಹೊತ್ತುಕೊಂಡ ಕೆಲಸ. ಸರ್ಕಾರದ ಯುದ್ಧಸಂಶೋಧನಾ ಸಮಿತಿ ಅದಕ್ಕೆ ಹಣ ಒದಗಿಸಿತು. 1941ರ ಆರಂಭದಲ್ಲಿ ಜೂಲಿಯನ್ ಬಿಗೆಲೋ ಎಂಬ ತರುಣ ಎಂಜಿನಿಯರ್ ಆತನ ಜೊತೆಗೂಡಿದನು.

ಇಬ್ಬರೂ ಪ್ರಯೋಗಾಲಯದಲ್ಲಿ ಒಂದು ಉಪಾಯ ಹೂಡಿದರು. ಗೋಡೆಯ ಮೇಲೆ ಬೆಳಕಿನ ಚುಕ್ಕೆಯೊಂದು ಓಡುತ್ತಿರುತ್ತದೆ. ಕೆಳಗೆ ಕುಳಿತವನು ತನ್ನ ಕೈಯಲ್ಲಿರುವ ಹಿಡಿಕೆಯನ್ನು ತಿರುಗಿಸಿ ಇನ್ನೊಂದು ಚುಕ್ಕೆಯಿಂದ ಅದನ್ನು ಹಿಂಬಾಲಿಸಬೇಕು. ಹಿಡಿಕೆ ಮಾತ್ರ ಬೇಕೆಂದೇ ತಡವಾಗಿ, ಜಡವಾಗಿ ಕೆಲಸ ಮಾಡುವಂತೆ ಮಾಡಿದ್ದರು. ಭಾರವಾದ ವಿಮಾನ ಚಾಲಕನ ಕೈಗೆ ಬಗ್ಗದಿರುವ ಹಾಗೆ. ಚುಕ್ಕೆಯನ್ನು ಅಟ್ಟಿಸಿಕೊಂಡು ಹೋಗುವವನ ತಪ್ಪುಗಳಲ್ಲೂ ಒಂದು ಕ್ರಮ ಕಾಣಿಸಿತು. ಅಷ್ಟೇ ಅಲ್ಲ, ಒಬ್ಬೊಬ್ಬನ ಕ್ರಮ ಒಂದೊಂದು. ಒಬ್ಬನ ಹಿಂದಿನ ಚಲನೆಯಿಂದ ಅವನ ಮುಂದಿನ ಚಲನೆಯನ್ನು ಹೇಳುವುದು, ಇನ್ನೊಬ್ಬನದನ್ನು ಹೇಳುವುದಕ್ಕಿಂತ ಸುಲಭವಾಗಿತ್ತು. 1942ರ ಬೇಸಗೆಯಲ್ಲಿ ಸಮಿತಿಯ ಒಂದು ವಿಭಾಗದ ಮುಖ್ಯನಾದ ವಾರನ್ ವೀವರ್ ಬಂದು ನೋಡಿ ಬೆರಗಾದನು. ಮನುಷ್ಯ ಏನು ಮಾಡುವನೆಂದು ಯಂತ್ರವೊಂದು ಮುಂದಾಗಿ ಹೇಳುವುದು ಅದ್ಭುತವೇ ಸರಿ. ಆದರೆ ಇದು ಯುದ್ಧಕ್ಕೆ ಒದಗುವ ಅದ್ಭುತವೇ ಎಂಬ ಸಂಶಯ ಆತನಿಗೆ ಬಂದಿತು. ಪ್ರಯೋಗಾಲಯದಲ್ಲಿ ಯಂತ್ರ ಮುಂಗಾಣುತ್ತಿದ್ದುದು ಒಂದೆರಡು ಸೆಕೆಂಡುಗಳನ್ನು ಮಾತ್ರ. ಫಿರಂಗಿಗೆ ಬೇಕಾಗಿದ್ದುದು ಅದರ ಹತ್ತು ಪಟ್ಟು.

ಸಂಶಯ ನಿಜವಾಯಿತು. ನಿಜವಾದ ವಿಮಾನಗಳ ಹಾರಾಟದ ದಾಖಲೆಗಳನ್ನು ತರಿಸಿ, ಅವುಗಳ ಮೇಲೆ ವೀನರ್ ತನ್ನ ಸೂತ್ರವನ್ನು ಪರೀಕ್ಷಿಸಿದನು. ಬೆಲ್ ಪ್ರಯೋಗಾಲಯದ ಹೆಂಡ್ರಿಕ್ ಬೋಡ್ ಎಂಬ ಎಂಜಿನಿಯರ್ ಇದೇ ಕೆಲಸಕ್ಕೆ ಇದಕ್ಕಿಂತ ಬಹಳ ಸರಳವಾದ ವಿಧಾನವನ್ನು ರೂಪಿಸಿದ್ದನು. ಎರಡನ್ನೂ ಹೋಲಿಸಿದಾಗ ವೀನರ್‌ನ ಗಹನವಾದ ಗಣಿತದಿಂದ ಆದ ಲಾಭ ಹೇಳಿಕೊಳ್ಳುವಂಥದೇನೂ ಆಗಿರಲಿಲ್ಲ. ಇನ್ನೊಂದು ತೊಡಕೂ ಇತ್ತು. ನಯವಾಗಿ ಸಾಗುವ ದಾರಿಯನ್ನು ಚೆನ್ನಾಗಿ ಊಹಿಸಬಲ್ಲ ಸೂಕ್ಷ್ಮವಾದ ಯಂತ್ರ, ದಾರಿಯಲ್ಲಿ ಚೂಪಾದ ತಿರುವು ಬಂದೊಡನೆ ತಾನೇ ಹೊಯ್ದಾಡತೊಡಗುತ್ತಿತ್ತು. ಒರಟು ಯಂತ್ರ ತಿರುವಿನಲ್ಲಿ ಬೇಗ ಸಾವರಿಸಿಕೊಂಡರೂ ನೇರದಾರಿಯಲ್ಲಿ ತಪ್ಪುತ್ತಿತ್ತು. ಒಂದನ್ನು ಪಡೆಯಬೇಕಾದರೆ ಮತ್ತೊಂದನ್ನು ಬಿಡಲೇಬೇಕು. ಇದು ಯಂತ್ರ ಕಟ್ಟಿದವರ ದೋಷವಲ್ಲ, ಸಂಗತಿಯ ಸ್ವಭಾವ ಎಂಬುದನ್ನು ವೀನರ್ ಮನಗಂಡನು. ಫಲಿತಾಂಶವನ್ನು ಆತ ಮರೆಮಾಚಲಿಲ್ಲ. ತನ್ನ ವಿಧಾನ ಈ ಯುದ್ಧಕ್ಕೆ ಒದಗಲಾರದೆಂದು ಸಮಿತಿಗೆ ತಾನೇ ತಿಳಿಸಿದನು. ಎರಡು ವರ್ಷ ಹಗಲಿರುಳೆನ್ನದೆ ದುಡಿದು, ದೇಹಾರೋಗ್ಯವನ್ನೂ ಕೆಡಿಸಿಕೊಂಡವನು ಹೀಗೆ ಬರೆಯಬೇಕಾದರೆ ಎಷ್ಟು ಕಷ್ಟಪಟ್ಟಿರಬೇಕೆಂಬುದನ್ನು ಊಹಿಸಬಹುದು.

ಮುಂದೆ 1944ರ ಜೂನ್‌ನಲ್ಲಿ ಜರ್ಮನರು ವೀ-1 ಎಂಬ ಹಾರುವ ಬಾಂಬುಗಳನ್ನು ಲಂಡನ್ ಕಡೆಗೆ ಬಿಡತೊಡಗಿದರು. ಬೆಲ್ ಪ್ರಯೋಗಾಲಯದ ಎಂ-9 ಎಂಬ ಗುರಿಯಂತ್ರ, ರೇಡಾರ್, ವಿಮಾನದ ಸಮೀಪಕ್ಕೆ ಬಂದೊಡನೆ ತಾನಾಗಿ ಸಿಡಿಯುವ ಗುಂಡು, ಈ ಮೂರೂ ಸೇರಿ ಅವುಗಳಲ್ಲಿ ಬಹುಪಾಲನ್ನು ಕಡಲ ತೀರದಲ್ಲೇ ಹೊಡೆದುರುಳಿಸಿದವು. ಇದರ ಕಾರಣ ಗಮನಿಸತಕ್ಕದ್ದು. ವೀ-1ರಲ್ಲಿ ಚಾಲಕನಿರಲಿಲ್ಲ. ಅದು ದ್ರುಪದನ ಸಭೆಯ ಮೀನಿನಂತೆ ಮನಸ್ಸಿಲ್ಲದ ಗುರಿ, ನೆಟ್ಟಗೆ ಹಾರುತ್ತಿತ್ತು. ಸರಳ ವಿಧಾನವೇ ಅದಕ್ಕೆ ಸಾಕಾಯಿತು. ವೀನರ್ ಎತ್ತಿಕೊಂಡಿದ್ದುದು ಮನುಷ್ಯನಿರುವ ಗುರಿಯ ಪ್ರಶ್ನೆಯನ್ನು. ಅದು ಬಗೆಹರಿಯದೆ ಉಳಿಯಿತು.

ಆದರೆ ಆ ಸೋಲಿನ ಗರ್ಭದಲ್ಲಿ ಎರಡು ಸಂಪತ್ತುಗಳಿದ್ದವು. ಒಂದು, ಮುಂಗಾಣ್ಕೆಯ ಗಣಿತ. 1942ರ ಫೆಬ್ರವರಿಯಲ್ಲಿ ಹಳದಿ ಹೊದಿಕೆಯ ಗುಪ್ತ ವರದಿಯಾಗಿ ಅದು ಕೆಲವರ ಕೈಗಷ್ಟೇ ಹೋಗಿತ್ತು. ಅದರ ಗಣಿತಕ್ಕೆ ಬೆದರಿದ ಎಂಜಿನಿಯರುಗಳು ಆ ಹೊದಿಕೆಯ ಬಣ್ಣವನ್ನೇ ಹಿಡಿದು ಅದಕ್ಕೊಂದು ಅಡ್ಡಹೆಸರಿಟ್ಟು ನಗುತ್ತಿದ್ದರು. ರಷ್ಯದ ಕೋಲ್ಮೊಗೊರೊವ್ ಇದೇ ತತ್ತ್ವವನ್ನು ಸ್ವತಂತ್ರವಾಗಿ ಕಂಡುಕೊಂಡು 1941ರಲ್ಲೇ ಪ್ರಕಟಿಸಿದ್ದನು. ವಿಮಾನವನ್ನು ಹೊಡೆಯಲು ಹುಟ್ಟಿದ ಈ ವಿದ್ಯೆ, ಗದ್ದಲದ ನಡುವೆ ಅಡಗಿರುವ ಮಾತನ್ನು ಬೇರ್ಪಡಿಸಲು, ಮಸುಕಾದ ಚಿತ್ರವನ್ನು ತಿಳಿಯಾಗಿಸಲು ನೆರವಾಯಿತು. 1960ರಲ್ಲಿ ರುಡಾಲ್ಫ್ ಕಾಲ್ಮನ್ ಇದೇ ಪ್ರಶ್ನೆಗೆ ಬೇರೊಂದು ದಾರಿಯಿಂದ ಉತ್ತರ ಕಂಡನು. ಚಂದ್ರನೆಡೆಗೆ ಹೊರಟ ಅಪೊಲೊ ನೌಕೆಗಳಿಗೆ ಆ ಉತ್ತರವೇ ದಾರಿ ತೋರಿತು.

ಎರಡನೆಯದು ಇದಕ್ಕಿಂತಲೂ ವ್ಯಾಪಕವಾದುದು. ಗುರಿಯಿಡುವ ಯಂತ್ರ ತಾನೆಷ್ಟು ತಪ್ಪಿದೆನೆಂಬ ಸುದ್ದಿಯನ್ನು ತಾನೇ ಪಡೆದು ಮುಂದಿನ ಚಲನೆಯನ್ನು ತಿದ್ದಿಕೊಳ್ಳಬೇಕು. ಹೀಗೆ ಫಲದಿಂದ ಕಾರಣಕ್ಕೆ ಹಿಂದಿರುಗುವ ಸುದ್ದಿಗೆ ಹಿಮ್ಮಾಹಿತಿ ಎಂದು ಹೆಸರು. ಅದು ಅತಿಯಾದರೆ ಫಿರಂಗಿ ಗುರಿಯನ್ನು ದಾಟಿ ಆಚೆ ಹೋಗಿ, ಮತ್ತೆ ಹಿಂದಕ್ಕೆ ಬಂದು, ನಿಲ್ಲಲಾರದೆ ತೂಗಾಡುತ್ತದೆ. ಮನುಷ್ಯನಲ್ಲಿಯೂ ಇಂಥ ತೂಗಾಟ ಉಂಟೇ ಎಂದು ವೀನರ್ ಮತ್ತು ಬಿಗೆಲೋ ತಮ್ಮ ಗೆಳೆಯನಾದ ಮೆಕ್ಸಿಕೋ ದೇಶದ ಶರೀರಶಾಸ್ತ್ರಜ್ಞ ಆರ್ಟುರೋ ರೋಸೆನ್‌ಬ್ಲೂತ್‌ನನ್ನು ಕೇಳಿದರು. ಉಂಟು ಎಂದು ಒಡನೆಯೇ ಉತ್ತರ ಬಂದಿತು. ಕಿರುಮೆದುಳಿಗೆ ಪೆಟ್ಟುಬಿದ್ದ ರೋಗಿ ಸುಮ್ಮನಿರುವಾಗ ಸ್ವಸ್ಥನಂತೆಯೇ ಕಾಣುತ್ತಾನೆ. ಮೇಜಿನ ಮೇಲಿನ ಪೆನ್ಸಿಲನ್ನು ತೆಗೆದುಕೊಳ್ಳಲು ಹೇಳಿದರೆ ಅವನ ಕೈ ಅದನ್ನು ದಾಟಿ ಹೋಗುತ್ತದೆ, ಮರಳಿ ಬರುತ್ತದೆ, ಮತ್ತೆ ದಾಟುತ್ತದೆ. ಫಿರಂಗಿಯ ರೋಗವೂ ಮನುಷ್ಯನ ರೋಗವೂ ಒಂದೇ! ಮೂವರೂ ಸೇರಿ 1943ರಲ್ಲಿ ಈ ಬಗ್ಗೆ ಲೇಖನವೊಂದನ್ನು ಪ್ರಕಟಿಸಿದರು. ಪ್ರಾಣಿಗಳಲ್ಲಿಯೂ ಯಂತ್ರಗಳಲ್ಲಿಯೂ ನಡೆಯುವ ನಿಯಂತ್ರಣ ಮತ್ತು ಸುದ್ದಿಸಾಗಣೆಗಳನ್ನು ಒಂದೇ ಶಾಸ್ತ್ರವಾಗಿ ಕಂಡ ವೀನರ್ 1948ರಲ್ಲಿ ಸೈಬರ್ನೆಟಿಕ್ಸ್ ಎಂಬ ಗ್ರಂಥವನ್ನು ಹೊರತಂದನು. ಚುಕ್ಕಾಣಿ ಹಿಡಿಯುವ ಅಂಬಿಗ ಎಂಬರ್ಥದ ಗ್ರೀಕ್ ಶಬ್ದದಿಂದ ಆತ ಕಟ್ಟಿದ ಹೆಸರದು. ಹೊಳೆಯ ಸೆಳೆತಕ್ಕೆ ದೋಣಿ ಎಷ್ಟು ವಾಲಿತೆಂದು ನೋಡಿ ಅಷ್ಟಕ್ಕೇ ಹುಟ್ಟನ್ನು ತಿರುವುವ ಅಂಬಿಗನಿಗಿಂತ ಒಳ್ಳೆಯ ಉಪಮೆ ಈ ಶಾಸ್ತ್ರಕ್ಕೆ ಸಿಗಲಾರದು. ಇಂದು ಎಲ್ಲರ ಬಾಯಲ್ಲಿಯೂ ಓಡಾಡುವ ಸೈಬರ್ ಎಂಬ ಮಾತು ಈ ಹೆಸರಿನ ತುಂಡು.

1961ರಲ್ಲಿ ಆ ಗ್ರಂಥದ ಎರಡನೆಯ ಮುದ್ರಣಕ್ಕೆ ಹೊಸ ಅಧ್ಯಾಯಗಳನ್ನು ಸೇರಿಸುವಾಗ ವೀನರ್ ನಮ್ಮ ನಾಡಿನವರಿಗೆ ಚಿರಪರಿಚಿತವಾದ ಒಂದು ದೃಷ್ಟಾಂತವನ್ನು ಎತ್ತಿಕೊಂಡನು: ಮುಂಗುಸಿ ಮತ್ತು ನಾಗರಹಾವಿನ ಕಾಳಗ. ಮುಂಗುಸಿಗೆ ಹಾವಿನ ವಿಷ ತಾಗದೆಂದಲ್ಲ, ಅದು ಹಾವಿಗಿಂತ ಬಲಶಾಲಿಯೆಂದೂ ಅಲ್ಲ. ಅದು ಮುನ್ನುಗ್ಗುವಂತೆ ನಟಿಸುತ್ತದೆ, ಹಾವು ಹೊಡೆಯುತ್ತದೆ, ಮುಂಗುಸಿ ಹಿಂದಕ್ಕೆ ಹಾರುತ್ತದೆ. ನಾಲ್ಕಾರು ಸಲ ಹೀಗಾದ ಮೇಲೆ ಹಾವಿನ ಹೊಡೆತದ ತಾಳ ಮುಂಗುಸಿಗೆ ಗೊತ್ತಾಗಿಬಿಡುತ್ತದೆ. ಹಾವು ಹೊಡೆದು ಸುಧಾರಿಸಿಕೊಳ್ಳುವ ಕ್ಷಣಕ್ಕೆ ಸರಿಯಾಗಿ ಅದರ ತಲೆಗೆ ಬಾಯಿ ಹಾಕುತ್ತದೆ. ಹಾವಿಗೆ ಪ್ರತಿಯೊಂದು ಹೊಡೆತವೂ ಹೊಸದೇ; ಮುಂಗುಸಿಗೆ ಹಿಂದಿನದೆಲ್ಲ ಪಾಠ. ಫಿರಂಗಿಯ ಮುಂದೆ ಕುಳಿತು ತಾನು ಬಿಡಿಸಲು ಹೊರಟಿದ್ದ ಲೆಕ್ಕವನ್ನು ಪುಟ್ಟ ಮೆದುಳಿನ ಪ್ರಾಣಿಯೊಂದು ಬಿಡಿಸುವುದನ್ನು ಆತ ಮೆಚ್ಚುಗೆಯಿಂದ ಬರೆದನು.

1945ರ ಆಗಸ್ಟ್‌ನಲ್ಲಿ ಹಿರೋಷಿಮಾ ನಾಗಸಾಕಿಗಳ ಮೇಲೆ ಅಣುಬಾಂಬು ಬಿದ್ದಿತು. ಊರನ್ನು ಕಾಯಲೆಂದು ಆಕಾಶಕ್ಕೆ ಗುರಿಯಿಡುವ ಫಿರಂಗಿಗೂ ಆಕಾಶದಿಂದ ಊರನ್ನೇ ಸುಡುವ ಆಯುಧಕ್ಕೂ ನಡುವೆ ಇದ್ದ ಅಂತರ ವೀನರ್‌ನ ಕಣ್ಣಿಗೆ ಕಟ್ಟಿತು. ಮರುವರ್ಷ ವಿಮಾನ ತಯಾರಿಸುವ ದೊಡ್ಡ ಸಂಸ್ಥೆಯೊಂದರ ವಿಜ್ಞಾನಿ, ದೂರಗಾಮಿ ಕ್ಷಿಪಣಿಗಳ ಕೆಲಸಕ್ಕೆ ಬೇಕೆಂದು ಹಳೆಯ ವರದಿಯ ಪ್ರತಿಯೊಂದನ್ನು ಕೇಳಿ ಆತನಿಗೆ ಪತ್ರ ಬರೆದನು. ವೀನರ್ ಕೊಡಲಿಲ್ಲ. ನಿರಾಯುಧ ಜನರನ್ನು ಕೊಲ್ಲುವುದಲ್ಲದೆ ಬೇರಾವ ಉಪಯೋಗವೂ ಇಲ್ಲದ ಆಯುಧಗಳಿಗೆ ತನ್ನ ವಿದ್ಯೆ ಒದಗಕೂಡದು. ಅಂಥವರ ಕೈಗೆ ಸಿಗುವುದನ್ನು ಇನ್ನು ಮುಂದೆ ತಾನು ಬರೆದು ಪ್ರಕಟಿಸುವುದಿಲ್ಲ ಎಂದು ಉತ್ತರ ಕೊಟ್ಟನು. ಆ ಉತ್ತರ 1947ರ ಜನವರಿಯಲ್ಲಿ ಅಟ್ಲಾಂಟಿಕ್ ಎಂಬ ಮಾಸಪತ್ರಿಕೆಯಲ್ಲಿ ಅಚ್ಚಾಗಿ ದೇಶವೆಲ್ಲ ಓದಿತು. ಅದೇ ತಿಂಗಳು ಹಾರ್ವರ್ಡಿನಲ್ಲಿ ಗಣಕಯಂತ್ರಗಳ ಬಗ್ಗೆ ಏರ್ಪಟ್ಟಿದ್ದ ಸಮ್ಮೇಳನಕ್ಕೆ ನೌಕಾಪಡೆಯ ಆಶ್ರಯವಿದೆಯೆಂಬ ಕಾರಣದಿಂದ, ಭಾಷಣಕಾರನಾಗಿದ್ದರೂ ಹಿಂದೆಗೆದನು.

ಕೆಲವರು ಮೆಚ್ಚಿದರು, ಸಹೋದ್ಯೋಗಿಗಳಲ್ಲಿ ಹಲವರು ಇದನ್ನು ಹುಚ್ಚುಹಂಬಲವೆಂದರು. ವರದಿಯ ಪ್ರತಿಗಳು ಸರ್ಕಾರದ ಕಪಾಟುಗಳಲ್ಲಿ ಹೇಗೂ ಇದ್ದವು. ಕೇಳಿದವನು ಬೇರೆ ದಾರಿಯಿಂದ ಪಡೆಯಬಹುದಿತ್ತು. 1949ರಲ್ಲಿ ಅದೇ ಗಣಿತ ಪುಸ್ತಕರೂಪದಲ್ಲಿ ಹೊರಬಂದು ಎಲ್ಲರ ಸೊತ್ತಾಯಿತು. ಕ್ಷಿಪಣಿಗಳ ಬೆಳವಣಿಗೆ ಒಂದು ದಿನವೂ ನಿಲ್ಲಲಿಲ್ಲ. ಹಾಗೆ ನೋಡಿದರೆ ನಿರಾಕರಣೆಯಿಂದ ಯಾವ ಬಾಂಬೂ ತಡೆಯಲ್ಪಡಲಿಲ್ಲವೆಂದೇ ಹೇಳಬೇಕು. ವೀನರ್‌ಗೂ ಇದು ತಿಳಿಯದ ಮಾತಲ್ಲ. ಆದರೂ ಆ ಮೇಲಿನ ವರ್ಷಗಳಲ್ಲಿ ಸೈನ್ಯದ ಹಣ ವಿದ್ಯಾಸಂಸ್ಥೆಗಳಿಗೆ ಹೊಳೆಯಾಗಿ ಹರಿದುಬಂದಾಗಲೂ ಆತ ಅದನ್ನು ಮುಟ್ಟಲಿಲ್ಲ. ಕೈಕಾಲು ಕಳೆದುಕೊಂಡವರಿಗೆ ಕೃತಕ ಅಂಗಗಳು, ಕಿವುಡರಿಗೆ ಮಾತನ್ನು ಚರ್ಮದ ಸ್ಪರ್ಶದಿಂದ ತಿಳಿಸುವ ಉಪಕರಣ, ಇಂಥವುಗಳ ಕಡೆಗೆ ಹಿಮ್ಮಾಹಿತಿಯ ತತ್ತ್ವವನ್ನು ತಿರುಗಿಸಲು ಯತ್ನಿಸಿದನು. ತಾನಾಗಿ ನಡೆಯುವ ಯಂತ್ರಗಳು ಬಂದರೆ ಕೆಲಸಗಾರರ ಗತಿಯೇನೆಂದು ಚಿಂತಿಸಿ, 1949ರಲ್ಲಿ ಮೋಟಾರು ಕಾರ್ಮಿಕರ ಸಂಘದ ನಾಯಕ ವಾಲ್ಟರ್ ರಾಯ್ಥರ್‌ಗೆ ತಾನಾಗಿ ಎಚ್ಚರಿಕೆಯ ಪತ್ರ ಬರೆದನು. ಮರುವರ್ಷ ಅದೇ ಚಿಂತೆಯನ್ನು ಸಾಮಾನ್ಯ ಓದುಗರಿಗೆ ತಿಳಿಯುವ ಪುಸ್ತಕವಾಗಿಸಿದನು.

ಭಾರತಕ್ಕೂ ವೀನರ್‌ಗೂ ಇದ್ದ ನಂಟು ಕಿರಿದಲ್ಲ. ಪ್ರಶಾಂತಚಂದ್ರ ಮಹಲನೋಬಿಸ್ ಅವರು ಕಟ್ಟಿದ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1955ರಲ್ಲಿ ಬಂದ ಆತ, ಮರುವರ್ಷದವರೆಗೆ ಹಲವು ತಿಂಗಳು ಅಲ್ಲಿದ್ದು ಉಪನ್ಯಾಸ ಮಾಡಿದನು. ಒಂದು ಗುರಿಯ ಬದಲು ಒಂದಕ್ಕೊಂದು ತಳಕುಹಾಕಿಕೊಂಡ ಅನೇಕ ಚಲನೆಗಳನ್ನು ಒಟ್ಟಿಗೆ ಮುಂಗಾಣುವುದು ಹೇಗೆಂಬುದು ಆಗ ಆತನ ಮನಸ್ಸಿನಲ್ಲಿದ್ದ ಪ್ರಶ್ನೆ. ಮುಂಬಯಿಯ ಗಣಿತಜ್ಞ ಪೆಸಿ ಮಸಾನಿ ಅವರೊಡನೆ ಸೇರಿ ಬರೆದ ಆ ಪ್ರಬಂಧಗಳು 1957 ಮತ್ತು 1958ರಲ್ಲಿ ಸ್ವೀಡನ್ನಿನ ಹೆಸರಾಂತ ಗಣಿತಪತ್ರಿಕೆಯಲ್ಲಿ ಬೆಳಕು ಕಂಡವು. ಅದೇ ಸಂಸ್ಥೆಯಲ್ಲಿ ವೀನರ್‌ನ ಸಹವಾಸ ದೊರೆತ ಇನ್ನೊಬ್ಬ ತರುಣರು ಮಂಗಳೂರಿನಲ್ಲಿ ಹುಟ್ಟಿದ ಗೋಪಿನಾಥ ಕಲ್ಯಾಣಪುರ. ಮುಂದೆ ಅವರು ಈ ಮುಂಗಾಣ್ಕೆಯ ಗಣಿತದಲ್ಲಿ ಜಗತ್ತಿನ ಗಣ್ಯರಲ್ಲಿ ಒಬ್ಬರಾಗಿ, 1980ರಲ್ಲಿ ಆ ವಿಷಯದ ಮೇಲೆ ಪ್ರಮಾಣಗ್ರಂಥವನ್ನು ಬರೆದರು.

1964ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ವೀನರ್‌ಗೆ ರಾಷ್ಟ್ರೀಯ ವಿಜ್ಞಾನ ಪದಕವನ್ನು ನೀಡಿದನು. ಎರಡು ತಿಂಗಳು ಕಳೆದು, ಮಾರ್ಚ್ 18ರಂದು, ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ರಾಯಲ್ ತಾಂತ್ರಿಕ ವಿದ್ಯಾಸಂಸ್ಥೆಯ ಮೆಟ್ಟಿಲುಗಳ ಬಳಿ ಹೃದಯಾಘಾತದಿಂದ ಕುಸಿದು ಆತ ತೀರಿಕೊಂಡನು. ಆಗ ವಯಸ್ಸು 69. ಕೊನೆಯದಾಗಿ ಬರೆದಿದ್ದ ಚಿಕ್ಕ ಪುಸ್ತಕವೊಂದು ಅದೇ ವರ್ಷ ಹೊರಬಂದಿತು. ಕಲಿಯುವ ಯಂತ್ರಕ್ಕೆ ನಾವು ಗುರಿಯೊಂದನ್ನು ಕೊಟ್ಟರೆ ಅದು ಆ ಗುರಿಯನ್ನು ಚಾಚೂ ತಪ್ಪದೆ ಮುಟ್ಟುತ್ತದೆ, ನಾವು ಮನಸ್ಸಿನಲ್ಲಿಟ್ಟುಕೊಂಡು ಹೇಳದೆ ಬಿಟ್ಟುದನ್ನು ಮಾತ್ರ ಅದು ಅರಿಯದು ಎಂಬುದು ಅದರಲ್ಲಿ ಬರುವ ವಿಚಾರಗಳಲ್ಲಿ ಒಂದು. 1965ರಲ್ಲಿ ಆ ಪುಸ್ತಕಕ್ಕೆ ಅಮೆರಿಕದ ರಾಷ್ಟ್ರೀಯ ಗ್ರಂಥ ಪ್ರಶಸ್ತಿ ಬಂದಿತು.